ಸ್ವೀಡನ್ ಮೇಲೆ ಭಾವನ ಸಿಟ್ಟು

ನನ್ನ ಭಾವನಿಗೆ ಸ್ವೀಡನ್ ದೇಶವನ್ನು ಕಂಡರೆ ಆಗುವುದಿಲ್ಲ. ಕಂಡರೆ ಎಂದದ್ದು ಮಾತಿಗೆ. ಅವರು ಆ ದೇಶವನ್ನು ಕಂಡವರೇ ಅಲ್ಲ. ಕಡಬದಿಂದ ಹೊರಟರೆ ಸುಳ್ಯ, ಪುತ್ತೂರು, ತೀರಾ ಅಗತ್ಯ ಬಿದ್ದರೆ ಮಂಗಳೂರು, ಇಷ್ಟು ಅವರ ಪ್ರಪಂಚ ಪರ್ಯಟನೆ. ಆದರೂ ಸ್ವೀಡನ್ ಎಂಬ ಹೆಸರು ಟೀವಿಯಲ್ಲಿ ಬಂದರೆ ಸಾಕು, ಕೈಯಲ್ಲಿದ್ದ ಚಹಾದ ಲೋಟ ಕೆಳಗಿಡುತ್ತಾರೆ. ತಮ್ಮ ಪಿಂಚಣಿಯ ಕಡತವನ್ನು ಮೇಜಿನಿಂದ ಮೇಜಿಗೆ ಅಲೆಸಿದ ಗುಮಾಸ್ತರನ್ನು ಅವರು ಕ್ಷಮಿಸಿದ್ದಾರೆ. ಹೊಸ ಸ್ಕೂಟರಿಗೆ ಕೊಂಬು ತಾಗಿಸಿದ ದನವನ್ನೂ ಕ್ಷಮಿಸಿದ್ದಾರೆ. ಸ್ವೀಡನನ್ನು ಮಾತ್ರ ಕ್ಷಮಿಸಿಲ್ಲ.

"ಆ ಸ್ವೀಡನಿನವರು ಇವರಿಗೆ ಎಂತ ಮಾಡಿದ್ದಾರೆ ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ," ಎನ್ನುತ್ತಾಳೆ ನನ್ನ ಅಕ್ಕ. "ನಮ್ಮ ಮದುವೆಗೆ ಬಂದು ಸಾರಿಗೆ ಉಪ್ಪು ಕಡಿಮೆ ಅಂತ ಹೇಳಿದವರು ಬೇರೆಯೇ ಜನ."

ಸ್ವೀಡನ್ ಮಾಡಿದ್ದು ಇಷ್ಟೇ. ಕೊರೊನಾ ಬಂದ ಮೊದಲ ವರ್ಷ ಊರೆಲ್ಲ ಬಾಗಿಲು ಹಾಕಿಕೊಂಡಾಗ ಅದು ಹಾಕಿಕೊಳ್ಳಲಿಲ್ಲ. ಸಣ್ಣ ಮಕ್ಕಳ ಶಾಲೆಯನ್ನು ನಡೆಸಿಯೇ ನಡೆಸಿತು. ಪಕ್ಕದ ನಾರ್ವೆಗಿಂತ ಅಲ್ಲಿ ಸಾವು ಹೆಚ್ಚಾಯಿತು. ಭಾವ ಬೈದರು. ಆಮೇಲೆ ಕೆಲವು ವರ್ಷ ಕಳೆದು ಒಟ್ಟು ಅವಧಿಯ ಲೆಕ್ಕ ತೆಗೆದಾಗ, ಯುರೋಪಿನ ಹಲವು ದೇಶಗಳಿಗಿಂತ ಸ್ವೀಡನ್ನೇ ವಾಸಿ ಎಂದು ತಿಳಿದವರು ಹೇಳತೊಡಗಿದರು. ಭಾವನಿಗೆ ನಿಜವಾದ ಸಿಟ್ಟು ಬಂದದ್ದು ಆಗ.

"ಮೊದಲ ಹಾಫಿನಲ್ಲಿ ಸೋತವ ಎರಡನೇ ಹಾಫಿನಲ್ಲಿ ಪಾಯಿಂಟ್ ತೆಗೆದ. ಹಾಗಾದ್ರೆ ನಾನು ಅಷ್ಟು ಸಮಯ ಬೈದದ್ದು ಎಲ್ಲ ದಂಡವಾ?" ಎಂದು ನನ್ನನ್ನೇ ಕೇಳಿದರು, ಆ ಪಾಯಿಂಟನ್ನು ನಾನೇ ಕೊಟ್ಟವನ ಹಾಗೆ.

ಹಾಫು, ಪಾಯಿಂಟು ಎಂದೆಲ್ಲ ಅವರು ಮಾತಾಡುವುದಕ್ಕೆ ಕಾರಣವಿದೆ. ಭಾವ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು. ಊರವರಿಗೆ ಅವರು ಮಾಷ್ಟ್ರು. ಶಾಲೆಯ ಕೆಲಸಕ್ಕಿಂತ ಅವರಿಗೆ ಹೆಸರು ತಂದದ್ದು ಕಬಡ್ಡಿಯ ಅಂಪೈರ್ ಕೆಲಸ. ನರಿಮೊಗರಿನಿಂದ ಗುತ್ತಿಗಾರಿನವರೆಗೆ ಎಲ್ಲಿ ಪಂದ್ಯ ನಡೆದರೂ ವಿಸಿಲ್ ಇವರದ್ದೇ. ಗುತ್ತಿಗಾರಿನಲ್ಲಿ ಒಮ್ಮೆ ಆಟ ಬಿಸಿಯೇರಿದಾಗ, ಪಕ್ಕದ ತೋಟಕ್ಕೆ ಆನೆ ನುಗ್ಗಿದೆ ಎಂದು ಯಾರೋ ಕೂಗಿದರು. ಜನ ಎದ್ದು ಓಡಿದರು. ಆಟಗಾರರೂ ಓಡಿದರು. ಭಾವ ಒಬ್ಬರೇ ಅಂಕಣದಲ್ಲಿ ನಿಂತು ವಿಸಿಲ್ ಊದಿ, ಗೆರೆ ದಾಟಿ ಹೊರಹೋದ ಅಪರಾಧಕ್ಕಾಗಿ ಎರಡೂ ತಂಡದವರಿಗೂ ಒಟ್ಟಿಗೆ ಔಟ್ ಕೊಟ್ಟರು. ಆನೆ ಬರಲಿಲ್ಲ. ತೀರ್ಪು ಉಳಿಯಿತು.

ಇಂಥವರ ಬಾಳಿನಲ್ಲಿ ಕೊರೊನಾ ಬಂತು. ಯೋಚಿಸಿ ನೋಡಿ, ಉಸಿರು ಬಿಗಿಹಿಡಿದು ನುಗ್ಗಿ ಇನ್ನೊಬ್ಬರನ್ನು ಮುಟ್ಟಿ ಬರುವುದು, ಏಳು ಮಂದಿ ಸೇರಿ ಒಬ್ಬನನ್ನು ಅಪ್ಪಿಕೊಂಡು ನೆಲಕ್ಕೆ ಕೆಡಹುವುದು. ಕಬಡ್ಡಿಯಷ್ಟು ಆ ಕಾಲಕ್ಕೆ ವಿರುದ್ಧವಾದ ಆಟ ಇನ್ನೊಂದಿರಲಿಲ್ಲ. ಚೆಸ್ಸಿನ ಅಂಪೈರ್ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅಂಕಣಗಳಲ್ಲಿ ಹುಲ್ಲು ಬೆಳೆಯಿತು. ಭಾವ ಮನೆಯೊಳಗೆ ಕೂತು ಟೀವಿ ಹಾಕಿದರು. ಟೀವಿಯಲ್ಲಿ ದೇಶಗಳ ಪಟ್ಟಿ ಬರುತ್ತಿತ್ತು. ಯಾವ ದೇಶದಲ್ಲಿ ಎಷ್ಟು ಜನರಿಗೆ ರೋಗ, ಎಷ್ಟು ಸಾವು, ಯಾರು ಮೇಲೆ, ಯಾರು ಕೆಳಗೆ. ಭಾವ ಸ್ವಲ್ಪ ಹೊತ್ತು ನೋಡಿ, "ಇಷ್ಟು ದೊಡ್ಡ ಟೂರ್ನಮೆಂಟು, ಅಂಪೈರೇ ಇಲ್ಲ," ಎಂದರಂತೆ. ಮುಂದೆ ಏನಾಗುತ್ತದೆಂದು ಅಕ್ಕನಿಗೆ ಅಂದೇ ತಿಳಿಯಿತಂತೆ.

ಆ ಟೂರ್ನಮೆಂಟಿನ ಮೊದಲ ಬಿಸಿ ತಗುಲಿದ್ದು ನನಗೆ. ಪುತ್ತೂರಿನಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ ಇದೆ. ಅಂಗಡಿ ತೆರೆಯಲು ಅನುಮತಿ ಸಿಕ್ಕಿದ ಕೂಡಲೇ ಭಾವ ಸ್ಕೂಟರಿನಲ್ಲಿ ಹಾಜರಾದರು. ಟೀವಿಯ ಅಡಿಯಲ್ಲಿ ಓಡುವ ಅಂಕಿಗಳು ಕಾಣುತ್ತಿಲ್ಲವಂತೆ. ನಾನು ಅವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಿದ್ದೆ. ಪಕ್ಕದಲ್ಲಿದ್ದ ಗಿರಾಕಿಯೊಬ್ಬರು, ಪಾಪ, ಹೊತ್ತು ಕಳೆಯಲೆಂದು ಒಂದು ಮಾತು ಆಡಿದರು.

"ಬೆಲ್ಜಿಯಂ ನೋಡಿ. ದೊಡ್ಡ ದೊಡ್ಡ ದೇಶಗಳಿಗಿಂತ ಎಷ್ಟೋ ಕಡಿಮೆ ಜನ ಸತ್ತದ್ದು. ದೇಶ ಅಂದ್ರೆ ಹಾಗಿರ್ಬೇಕು."

ಭಾವ ಚೌಕಟ್ಟಿನ ಸಮೇತ ಅವರತ್ತ ತಿರುಗಿದರು. ಒಂದು ಕಣ್ಣಿಗೆ ಗಾಜಿತ್ತು, ಇನ್ನೊಂದಕ್ಕೆ ಕಪ್ಪು ಮುಚ್ಚಳ.

"ಬೆಲ್ಜಿಯಂನ ತೂಕ ಎಷ್ಟು?"

"ತೂಕವಾ?"

"ಜನ, ಜನ. ಎಷ್ಟು ಜನ ಇದ್ದಾರೆ ಅಲ್ಲಿ? ಕಬಡ್ಡಿಯಲ್ಲಿ ಸಣ್ಣ ತೂಕದವರನ್ನೂ ದೊಡ್ಡ ತೂಕದವರನ್ನೂ ಒಂದೇ ಅಂಕಣಕ್ಕೆ ಇಳಿಸ್ತಾರಾ ಮಾರಾಯ್ರೆ? ಇಷ್ಟು ಲಕ್ಷ ಜನಕ್ಕೆ ಇಷ್ಟು ಅಂತ ಲೆಕ್ಕ ಹಾಕಿ. ಆಗ ಬೆಲ್ಜಿಯಂನ ಅವಸ್ಥೆ ಗೊತ್ತಾಗ್ತದೆ."

"ಹಾಗಾದ್ರೆ ಬೆಲ್ಜಿಯಂ ಹಾಳು ದೇಶ," ಎಂದು ಆ ಗಿರಾಕಿ ಕೂಡಲೇ ಒಪ್ಪಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು.

"ಅದು ಹೇಗೆ ಹಾಳು?" ಎಂದು ಭಾವ ಈಗ ಬೆಲ್ಜಿಯಂನ ಕಡೆ ಸೇರಿಕೊಂಡರು. "ಅಲ್ಲಿ ಮುದುಕರು ಎಷ್ಟು, ಇಲ್ಲಿ ಮುದುಕರು ಎಷ್ಟು? ಜೂನಿಯರ್ ಟೀಮಿಗೂ ಸೀನಿಯರ್ ಟೀಮಿಗೂ ವ್ಯತ್ಯಾಸ ಇಲ್ವಾ? ಅದೂ ಅಲ್ಲದೆ ಅವರು ಟೆಸ್ಟ್ ಮಾಡದೆ ಸತ್ತವರನ್ನೂ ಅನುಮಾನ ಇದ್ರೆ ಸೇರಿಸ್ತಾರೆ. ಬಾಕಿ ಕೆಲವರು ಟೆಸ್ಟೇ ಮಾಡುದಿಲ್ಲ, ನಮ್ಮಲ್ಲಿ ರೋಗವೇ ಇಲ್ಲ ಅಂತ ಬೋರ್ಡು ಹಾಕ್ತಾರೆ. ಅಂಪೈರ್ ಇಲ್ಲದ ಮ್ಯಾಚಿನಲ್ಲಿ ಫೌಲು ಎಲ್ಲಿಂದ ಬರ್ತದೆ?"

ಆ ಗಿರಾಕಿ ತಮ್ಮ ಕನ್ನಡಕ ತೆಗೆದುಕೊಳ್ಳದೆಯೇ ಹೊರಟುಹೋದರು. ಅವರು ಈಗ ಬೇರೆ ಅಂಗಡಿಗೆ ಹೋಗುತ್ತಾರೆ. ದಾರಿಯಲ್ಲಿ ಸಿಕ್ಕಿದಾಗ ನನ್ನನ್ನು ನೋಡಿ, "ನಿಮ್ಮ ಬೆಲ್ಜಿಯಂ ಹೇಗಿದ್ದಾರೆ?" ಎಂದು ಕೇಳುತ್ತಾರೆ.

ಮುಂದೆ ನ್ಯೂಜಿಲೆಂಡಿನ ಸರದಿ ಬಂತು. ಆ ದೇಶ ಗಡಿ ಮುಚ್ಚಿ ರೋಗವನ್ನು ಹೊರಗೇ ನಿಲ್ಲಿಸಿತೆಂದು ಜಗತ್ತೆಲ್ಲ ಹೊಗಳುತ್ತಿತ್ತು. ನಮ್ಮಲ್ಲೂ ಜಾಲ್ಸೂರಿನಿಂದ ಮುಂದೆ ಕೇರಳದ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದರು. ನಾವೂ ನ್ಯೂಜಿಲೆಂಡ್ ಆಗುತ್ತೇವೋ ಇಲ್ಲವೋ ನೋಡಿಯೇ ಬರುತ್ತೇನೆಂದು ಭಾವ ಹೊರಟರು. ಔಷಧಿಯ ಚೀಟಿ ತೋರಿಸಿ ಪೊಲೀಸರನ್ನು ದಾಟಿ ಗಡಿಗೆ ಹೋದರೆ, ರಸ್ತೆಗೆ ಅಡ್ಡವಾಗಿ ಮಣ್ಣಿನ ದೊಡ್ಡ ದಿಬ್ಬ. ಭಾವನಿಗೆ ಸಂತೋಷವಾಯಿತು. ಅಷ್ಟರಲ್ಲಿ ಪಕ್ಕದ ರಬ್ಬರ್ ಮರಗಳ ನಡುವಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಹಲಸಿನಹಣ್ಣು ಹೊತ್ತು ನಿಧಾನವಾಗಿ ಇಳಿದು ಬಂದಳು.

"ಎಲ್ಲಿಂದ ಬರುದು?"

"ತಂಗಿ ಮನೆಯಿಂದ. ಆಚೆಯಿಂದ."

"ರಸ್ತೆ ಬಂದ್ ಉಂಟಲ್ಲ?"

"ರಸ್ತೆ ಬಂದ್ ಉಂಟು. ನಾನು ರಸ್ತೆಯಲ್ಲಿ ಬರ್ಲಿಲ್ಲ."

ಭಾವ ಮನೆಗೆ ಬಂದು ನ್ಯೂಜಿಲೆಂಡನ್ನು ಸ್ಪರ್ಧೆಯಿಂದಲೇ ಹೊರಹಾಕಿದರು. ಸುತ್ತ ಸಮುದ್ರ ಇರುವವರಿಗೆ ಬೇರೆ ವಿಭಾಗ ಮಾಡಬೇಕೆಂಬುದು ಅವರ ತೀರ್ಪು. ತಂಗಿ ಮನೆಗೆ ಒಳದಾರಿ ಇರುವ ದೇಶಗಳನ್ನೂ ಇಲ್ಲದ ದೇಶಗಳನ್ನೂ ಹೋಲಿಸುವುದು ಅನ್ಯಾಯವಲ್ಲವೇ?

ಇದೆಲ್ಲ ನಮಗೆ ತಮಾಷೆಯಾಗಿತ್ತು. ಅವರಿಗೂ ಆಗ ಅದು ಅರ್ಧ ತಮಾಷೆಯೇ ಇದ್ದಿರಬೇಕು.

ಎರಡನೇ ಅಲೆ ಬಂತು. ಆ ಮೇ ತಿಂಗಳಿನಲ್ಲಿ ಭಾವನ ಅಣ್ಣ ತೀರಿಕೊಂಡರು. ಅಣ್ಣನದ್ದು ಕಡಬ ಪೇಟೆಯ ಅಂಚಿನಲ್ಲಿ ಒಂದು ಹಿಟ್ಟಿನ ಗಿರಣಿ. ಎದುರಿಗೆ ಗಿರಣಿ, ಹಿಂದೆ ಮನೆ. ಅಕ್ಕಿ, ರಾಗಿ, ಮೆಣಸು, ಕೊತ್ತಂಬರಿ ಹಿಡಿದುಕೊಂಡು ಊರಿನ ಎಲ್ಲ ಮನೆಯವರೂ ಅಲ್ಲಿಗೇ ಬರಬೇಕು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ನಗುತ್ತ ನಿಂತಿರುತ್ತಿದ್ದ, ಮಾತು ಕಡಿಮೆಯ ಮನುಷ್ಯ. ತನ್ನ ಪಾಲಿನ ಮಾತನ್ನು ಕೂಡ ತಮ್ಮನಿಗೇ ಬಿಟ್ಟುಕೊಟ್ಟಿದ್ದರು. ಲಸಿಕೆ ಹಾಕಿಸಿಕೊಳ್ಳಿ ಎಂದು ಭಾವ ಹೇಳಿದಾಗ, "ಮಳೆ ಬರುವ ಮೊದಲು ಮೆಣಸು ಪುಡಿ ಮಾಡಿಸುವವರ ರಾಶಿ ಉಂಟು. ಚುಚ್ಚಿಸಿ ಜ್ವರ ಬಂದ್ರೆ ಗಿರಣಿ ನಿಲ್ತದೆ. ಮಳೆ ಹಿಡಿದ ಮೇಲೆ ಹಾಕಿಸ್ತೇನೆ," ಎಂದಿದ್ದರಂತೆ.

ನಮಗೆ ಸುದ್ದಿ ಬಂದದ್ದು ಫೋನಿನಲ್ಲಿ. "ಹಾರ್ಟು," ಎಂದರು ಭಾವ. "ಬೆಳಿಗ್ಗೆ ಎದ್ದವರು ಅಲ್ಲೇ ಕುಸಿದ್ರು." ಕೂಡಲೇ ಫೋನ್ ಇಟ್ಟರು. ಲಾಕ್‌ಡೌನ್ ಇದ್ದುದರಿಂದ ನನಗೆ ಹೋಗಲಾಗಲಿಲ್ಲ. ಊರಿನ ಹತ್ತಿರದವರೇ ಸೇರಿ ಕೆಲಸ ಮುಗಿಸಿದರೆಂದು ಅಕ್ಕ ಹೇಳಿದಳು. ಕೆಲವು ವಾರ ಕಳೆದ ಮೇಲೆ ಗಿರಣಿ ಪುನಃ ಶುರುವಾಯಿತು. ಅತ್ತಿಗೆಯೇ ಮೋಟಾರು ಹಾಕಿ, ಚೀಲ ಎತ್ತಿ ಸುರಿದು, ನಡೆಸತೊಡಗಿದರು. ಅತ್ತಿಗೆ ಎಂದರೆ ಭಾವನಿಗೆ ಅತ್ತಿಗೆ, ಊರಿಗೆ ಗಿರಣಿಯಕ್ಕ.

ಭಾವ ಸ್ವಲ್ಪ ಸಮಯ ದೇಶಗಳ ಸುದ್ದಿಗೆ ಹೋಗಲಿಲ್ಲ. ಟೀವಿ ಹಾಕಿದರೂ ಎದ್ದು ಹೋಗುತ್ತಿದ್ದರಂತೆ. ಆಮೇಲೆ ಒಂದು ದಿನ ಪುನಃ ಶುರುಮಾಡಿದರು. ಆದರೆ ಅದು ಮೊದಲಿನ ಭಾವ ಅಲ್ಲ. ಮೊದಲು ಬೈದು ನಗುತ್ತಿದ್ದರು. ಈಗ ಬೈದು ಬೆವರುತ್ತಿದ್ದರು. ಅಣ್ಣ ಹೋದ ದುಃಖ ಹೀಗೆ ಹೊರಬರುತ್ತಿದೆ, ಬರಲಿ ಎಂದು ನಾವು ಸುಮ್ಮನಾದೆವು.

ಆಗ ಲಸಿಕೆಗೆ ಬರ. ಮೊಬೈಲಿನಲ್ಲಿ ಸ್ಲಾಟ್ ಹಿಡಿಯಬೇಕು. ಕಡಬದ ಯುವಕರು ಮನೆಯ ಹಿಂದಿನ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುವಷ್ಟರಲ್ಲಿ ನಗರದಲ್ಲಿ ಕೂತವರು ಅಲ್ಲಿಯ ಕೇಂದ್ರದ ಸ್ಲಾಟನ್ನು ಮುಗಿಸಿರುತ್ತಿದ್ದರು. ಮಾರನೆಯ ದಿನ ಕಾರುಗಳು ಬರುತ್ತಿದ್ದವು. ಕಾರಿನವರು ಚುಚ್ಚಿಸಿಕೊಂಡು, ಎಳನೀರು ಕುಡಿದು, ಊರು ಚಂದ ಉಂಟು ಎಂದು ಫೋಟೊ ತೆಗೆದು ಹೋಗುತ್ತಿದ್ದರು. ಭಾವ ಆರೋಗ್ಯ ಕೇಂದ್ರದ ಗೇಟಿನಲ್ಲಿ ನಿಲ್ಲಲು ಶುರುಮಾಡಿದರು. ಯಾರೂ ನಿಲ್ಲಿಸಿದ್ದಲ್ಲ. ಅಲ್ಲಿಯ ಸಿಸ್ಟರ್ ಮೊದಲ ದಿನ ಬೇಡವೆಂದರು. ಎರಡನೆಯ ದಿನ ಕುರ್ಚಿ ಕೊಟ್ಟರು.

"ಭೂತಾನ್ ಗೊತ್ತುಂಟಾ?" ಎಂದು ಕಾರಿನ ಕಿಟಕಿಗೆ ಬಗ್ಗಿ ಕೇಳುತ್ತಿದ್ದರಂತೆ. "ನಾವು ಕೊಟ್ಟ ಲಸಿಕೆ. ಹಿಮದಲ್ಲಿ ನಡೆದುಕೊಂಡು ಹೋಗಿ, ಬೆಟ್ಟದ ತುದಿಯಲ್ಲಿದ್ದ ಅಜ್ಜಿಗೂ ಹಾಕಿ, ಅವರು ಮೊದಲ ಡೋಸು ಮುಗಿಸಿಯೇ ಆಯ್ತು. ಇಲ್ಲಿಯ ಅಜ್ಜಿ ಇನ್ನೂ ಸಾಲಿನಲ್ಲಿ ಉಂಟು. ನೀವು ಯಾವ ಊರಿನವರು?"

ಒಂದು ದಿನ ಹೀಗೆ ಒಂದು ಕಾರನ್ನು ತಡೆದರು. ಇಳಿದವನು ಎತ್ತರದ ಯುವಕ. ಮಂಗಳೂರಿನಿಂದ ಬಂದದ್ದಂತೆ.

"ನಾಚಿಕೆ ಆಗುದಿಲ್ವಾ? ಇಷ್ಟು ದೂರದಿಂದ ಬಂದು ಇಲ್ಲಿಯವರ ಪಾಲು ತೆಗೆದುಕೊಂಡು ಓಡುದಾ?"

ಯುವಕ ಮಾಸ್ಕ್ ಕೆಳಗಿಳಿಸಿ ಕೈಮುಗಿದ. "ಸರ್, ನನ್ನ ಗುರ್ತ ಆಗ್ಲಿಲ್ವಾ? ನಿಮ್ಮ ಟೀಮಿನಲ್ಲಿ ಇದ್ದವ. ಎದುರಾಳಿಯ ಅಂಕಣಕ್ಕೆ ನುಗ್ಗಿ, ಮುಟ್ಟಿ, ಸಿಕ್ಕಿ ಬೀಳದೆ ವಾಪಸ್ ಬರ್ಬೇಕು ಅಂತ ನೀವೇ ಅಲ್ವಾ ಕಲಿಸಿದ್ದು?"

ಭಾವ ಗೇಟಿನಿಂದ ಸರಿದು ದಾರಿ ಬಿಟ್ಟರು. ಅಂದು ಮನೆಗೆ ಬಂದವರು ಮಧ್ಯಾಹ್ನದ ಊಟದವರೆಗೆ ಯಾವ ದೇಶಕ್ಕೂ ಬೈಯಲಿಲ್ಲ ಎಂದು ಅಕ್ಕ ಸಾಕ್ಷಿ ಹೇಳುತ್ತಾಳೆ.

ಮಳೆಗಾಲ ಕಳೆಯುವ ಹೊತ್ತಿಗೆ ಲಸಿಕೆ ಬೇಕಾದಷ್ಟು ಬಂತು. ಈಗ ಜನ ಬರಲಿಲ್ಲ. ಭಾವ ಗೇಟು ಬಿಟ್ಟು ಮನೆಮನೆಗೆ ಹೊರಟರು. ಆಗ ಲಸಿಕೆಯಲ್ಲಿ ಪೋರ್ಚುಗಲ್ ಎಲ್ಲರಿಗಿಂತ ಮುಂದೆ ಎಂಬ ಸುದ್ದಿ ಇತ್ತು. ಅದನ್ನು ಹಿಂದೆ ಹಾಕಬೇಕೆಂದು ಅವರು ತಮ್ಮ ವಾರ್ಡಿನ ಪರವಾಗಿ ತೀರ್ಮಾನಿಸಿಬಿಟ್ಟಿದ್ದರು. ಒಬ್ಬರ ಅಂಗಳಕ್ಕೆ ಹೋಗಿ, "ಪೋರ್ಚುಗಲ್ ಮುಂದೆ ಹೋಯ್ತು, ನಿಮ್ಮದು ಇನ್ನೂ ಸ್ನಾನ ಆಗ್ಲಿಲ್ವಾ?" ಎಂದು ಗದರಿದರೆ, ಆ ಮನೆಯವರು ಏನೆಂದುಕೊಳ್ಳಬೇಕು? ಒಬ್ಬ ಅಜ್ಜಿಯಂತೂ ಸುತರಾಂ ಒಪ್ಪಲಿಲ್ಲ.

"ಆ ಪೋರ್ಚುಗಲ್ ಅಂದ್ರೆ ಯಾರ ಮಗ?"

"ಮಗ ಅಲ್ಲ ಅಜ್ಜಿ, ದೇಶ. ಹಿಂದೆ ಗೋವಕ್ಕೆ ಬಂದಿದ್ದರಲ್ಲ, ಅವರು. ಈ ಗೇರುಮರ ಎಲ್ಲ ಅವರೇ ತಂದದ್ದು."

ಅಜ್ಜಿ ಅಂಗಳದ ತುದಿಯ ಗೇರುಮರವನ್ನು ಸ್ವಲ್ಪ ಹೊತ್ತು ನೋಡಿದರಂತೆ. "ಗೇರು ತಂದವರಾ? ಹಾಗಾದ್ರೆ ಒಳ್ಳೆಯ ಜನವೇ. ನಿಲ್ಲಿ, ಸೀರೆ ಬದಲಿಸಿ ಬರ್ತೇನೆ."

ಅವರ ವಾರ್ಡು ಪೋರ್ಚುಗಲ್ ಅನ್ನು ಹಿಂದೆ ಹಾಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಭಾವ ಹಾಕಿದೆ ಎನ್ನುತ್ತಾರೆ. ಪೋರ್ಚುಗಲ್ ಇದುವರೆಗೆ ಆಕ್ಷೇಪಣೆ ಸಲ್ಲಿಸಿಲ್ಲ.

ಹೀಗೆ ವರ್ಷ ತುಂಬಿತು. ಅಣ್ಣನ ವರ್ಷಾಂತಿಕಕ್ಕೆ ಗಿರಣಿಯ ಹಿಂದಿನ ಮನೆಯಲ್ಲಿ ಊಟ. ಹಿಂದಿನ ವರ್ಷ ಬರಲಾಗದವರೆಲ್ಲ ಈ ಸಲ ಬಂದಿದ್ದರು. ನಾನೂ ಪುತ್ತೂರಿನಿಂದ ಹೋಗಿದ್ದೆ. ಗಿರಣಿಯ ಪಕ್ಕದ ಸೈಕಲ್ ಅಂಗಡಿಯವರು, ನೆಲ್ಯಾಡಿ ಕಡೆಯ ರಬ್ಬರ್ ತೋಟದ ಕ್ರೈಸ್ತರೊಬ್ಬರು, ಭಾವನ ಹಳೆಯ ವಿದ್ಯಾರ್ಥಿಗಳು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಭಾವ ನನ್ನ ಎದುರಿನ ಸಾಲಿನಲ್ಲಿದ್ದರು. ಸಾರು ಬರುವಷ್ಟರಲ್ಲಿ ಯಾರೋ, ಈಗ ಮೂರನೆಯ ಡೋಸು ಶುರುವಾಗಿದೆಯಂತೆ ಎಂದರು. ಅಷ್ಟೇ ಸಾಕಾಯಿತು.

"ಮೂರನೆಯದ್ದಾ?" ಎಂದು ಭಾವ ಅನ್ನದ ಮೇಲಿಂದ ಕೈ ತೆಗೆದರು. "ದೊಡ್ಡ ದೊಡ್ಡ ದೇಶದವರು ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ತೆಗೆದಿಟ್ಟುಕೊಂಡರು. ಆಫ್ರಿಕದಲ್ಲಿ ಒಂದನೆಯದ್ದೇ ಸಿಕ್ಕದವರು ಇದ್ದಾರೆ. ಪಂಕ್ತಿಯ ಈ ತುದಿಯವನಿಗೆ ಮೂರನೇ ಸಲ ಪಾಯಸ, ಆ ತುದಿಯವನ ಎಲೆಗೆ ಉಪ್ಪೇ ಬೀಳ್ಲಿಲ್ಲ. ಇದಕ್ಕೆ ಊಟ ಅಂತ ಹೇಳುದಾ?"

ಮಾತು ಸರಿಯಾಗಿಯೇ ಇತ್ತು. ಪಂಕ್ತಿಯ ಆ ತುದಿಯಲ್ಲಿ ಕೂತವರೊಬ್ಬರು ತಮ್ಮ ಎಲೆಯ ಉಪ್ಪನ್ನು ಒಮ್ಮೆ ನೋಡಿಕೊಂಡರು.

ಭಾವ ನಿಲ್ಲಲಿಲ್ಲ. "ಅದಕ್ಕಿಂತ ದೊಡ್ಡ ಫೌಲು ಬೇರೆ ಉಂಟು. ಸತ್ತವರನ್ನೇ ಅಡಗಿಸುದು. ಎಷ್ಟೋ ದೇಶ ಮಾಡಿದ್ದಾವೆ. ಬೇರೆ ರೋಗದ ಹೆಸರು ಹೇಳುದು, ಪಟ್ಟಿಯಲ್ಲಿ ತಾನು ಚಂದ ಕಾಣುದು. ಪೆರು ಅಂತ ಒಂದು ದೇಶ ಉಂಟು. ತಾನೇ ಪುನಃ ಲೆಕ್ಕ ಮಾಡಿತು. ಮಾಡಿ, ನಾವು ಕಡಿಮೆ ಹೇಳಿದ್ದು, ಸತ್ತದ್ದು ಅದಕ್ಕಿಂತ ಎಷ್ಟೋ ಹೆಚ್ಚು ಅಂತ ಲೋಕದ ಎದುರು ಒಪ್ಪಿಕೊಂಡಿತು. ಹೆಸರು ಹೋದ್ರೆ ಹೋಗ್ಲಿ ಅಂತ. ಆ ಮರ್ಯಾದೆ ಬಾಕಿ ಯಾರಿಗೆ ಉಂಟು?"

ಅತ್ತಿಗೆ ಸಾರಿನ ಪಾತ್ರೆ ಹಿಡಿದುಕೊಂಡು ಅವರ ಎಲೆಯ ಎದುರಿಗೆ ಬಂದಿದ್ದರು. ಅಲ್ಲೇ ನಿಂತರು. ಬಡಿಸಲಿಲ್ಲ.

"ನಮ್ಮ ಮನೆಗೆ ಉಂಟಾ ಮಾಷ್ಟ್ರೆ, ಆ ಮರ್ಯಾದೆ?" ಎಂದು ಕೇಳಿದರು.

ಸ್ವರ ಏರಿಸಿ ಕೇಳಿದ್ದಲ್ಲ. ಆದರೆ ಎರಡೂ ಸಾಲಿನವರಿಗೆ ಕೇಳಿತು. ಭಾವ ತಲೆ ಎತ್ತಲಿಲ್ಲ. ಅಕ್ಕ ಪಲ್ಯದ ಪಾತ್ರೆಯೊಂದಿಗೆ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮುಖ ನೋಡಿದಾಗ, ಇವಳಿಗೆ ಗೊತ್ತಿತ್ತು ಎಂದು ನನಗೆ ತಿಳಿಯಿತು. ಏನು ಎಂಬುದು ತಿಳಿದದ್ದು ಭಾವ ಬಾಯಿ ತೆರೆದ ಮೇಲೆ.

ಅವರು ಎಲೆಯ ಮುಂದಿನಿಂದ ಎದ್ದು ನಿಂತರು. ಬಲಗೈಗೆ ಅನ್ನ ಮೆತ್ತಿಕೊಂಡೇ ಇತ್ತು. "ಅಣ್ಣನಿಗೆ ಆದದ್ದು ಹಾರ್ಟ್ ಅಲ್ಲ," ಎಂದರು. "ಕೊರೊನವೇ. ಎಂಟು ಹತ್ತು ದಿನ ಒಳಗೆ ಮಲಗಿದ್ರು. ಟೆಸ್ಟ್ ಮಾಡಿಸುವ ಅಂತ ಅತ್ತಿಗೆ ಹೇಳಿದ್ರು. ಮನೆಗೆ ಸೀಲ್‌ಡೌನ್ ಪಟ್ಟಿ ಕಟ್ತಾರೆ, ಗಿರಣಿಗೆ ಮತ್ತೆ ಜನ ಬರುದಿಲ್ಲ, ಬೇಡ ಅಂತ ಹೇಳಿದ್ದು ನಾನು. ಸತ್ತ ಮೇಲೆ ಹಾರ್ಟ್ ಅಂತ ಎಲ್ಲರಿಗೆ ಫೋನ್ ಮಾಡಿದ್ದೂ ನಾನು. ಅತ್ತಿಗೆಯದ್ದು ಎಂತದೂ ಇಲ್ಲ ಇದರಲ್ಲಿ."

ಮೊದಲು ಮಾತಾಡಿದವರು ರಬ್ಬರ್ ತೋಟದವರು. "ನಮ್ಮ ಅಪ್ಪಚ್ಚನದ್ದೂ ಹಾಗೆಯೇ ಮಾಷ್ಟ್ರೆ. ನ್ಯುಮೋನಿಯ ಅಂತ ಹೇಳಿದ್ದು ನಾವು," ಎಂದು ತಮ್ಮ ಅಜ್ಜನ ಬಗ್ಗೆ ನಿಧಾನವಾಗಿ ಹೇಳಿ, ನೀರು ಕುಡಿದರು. ಅಲ್ಲಿಗೆ ಎಲ್ಲ ಸಮಾಧಾನ ಆಗುತ್ತದೆಂದು ನಾನು ಅಂದುಕೊಂಡೆ. ಆಗಲಿಲ್ಲ.

ಸೈಕಲ್ ಅಂಗಡಿಯವರ ಮುಖ ಕೆಂಪಾಗಿತ್ತು. "ಅವರನ್ನು ಹೊತ್ತವರಲ್ಲಿ ನಾನೊಬ್ಬ," ಎಂದರು. "ಮಾಸ್ಕ್ ಕೂಡ ಸರಿ ಹಾಕಿರ್ಲಿಲ್ಲ. ಹಾರ್ಟ್ ಅಲ್ವಾ ಅಂತ. ಮನೆಗೆ ಹೋಗಿ ಅಮ್ಮನ ಪಕ್ಕ ಕೂತು ಊಟ ಮಾಡಿದ್ದೇನೆ. ಆಸ್ತಮದ ಅಮ್ಮ. ನೀವು ಪೆರು, ಬೆಲ್ಜಿಯಂ ಎಲ್ಲ ಹೇಳ್ತಿದ್ದೀರಲ್ಲ ಮಾಷ್ಟ್ರೆ, ಪಕ್ಕದ ಅಂಗಡಿಯವನಿಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ಅಮ್ಮನಿಗೆ ಎಂತದೂ ಆಗ್ಲಿಲ್ಲ. ಆದ್ರೆ ಅದು ನಿಮ್ಮ ಉಪಕಾರ ಅಲ್ಲ."

"ಅಲ್ಲ," ಎಂದರು ಭಾವ.

ಅಷ್ಟೇ. ಅವರು ವಾದ ಮಾಡಲಿಲ್ಲ. ಎಷ್ಟೋ ವರ್ಷಗಳಿಂದ ಅವರನ್ನು ಬಲ್ಲ ನನಗೆ, ಎದುರಿನವರು ಹೇಳಿದ್ದಕ್ಕೆ ಅವರು ಬರಿದೇ ಒಪ್ಪಿಕೊಂಡದ್ದನ್ನು ಕೇಳುವುದು ಬೇರೆ ಯಾವುದಕ್ಕಿಂತಲೂ ಕಷ್ಟವಾಯಿತು. ಸೈಕಲ್ ಅಂಗಡಿಯವರು ಊಟ ಮುಗಿಸಿದರು. ವರ್ಷಾಂತಿಕದ ಎಲೆಯಿಂದ ಅರ್ಧದಲ್ಲಿ ಏಳುವಂತಿಲ್ಲ. ಕೈ ತೊಳೆದು, ಅತ್ತಿಗೆಗೆ ಮಾತ್ರ ತಲೆಯಾಡಿಸಿ ಹೋದರು. ಉಳಿದವರು ಒಬ್ಬೊಬ್ಬರಾಗಿ ಎದ್ದರು. ಪಾಯಸ ತುಂಬ ಉಳಿಯಿತು.

ಸಂಜೆ ಅಂಗಳದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದಾಗ ಭಾವ ನನ್ನ ಬಳಿ ಬಂದರು. "ಪ್ರತಿ ದೇಶದಲ್ಲಿಯೂ ನನ್ನ ಹಾಗೆ ಒಬ್ಬ ಇರ್ತಾನೆ ಅಲ್ವಾ?" ಎಂದರು. "ಪ್ರತಿ ಊರಿನಲ್ಲಿಯೂ. ಫೋನ್ ಹಿಡಿದುಕೊಂಡು ಹಾರ್ಟು, ಹಾರ್ಟು ಅಂತ ಹೇಳುವವ. ಮತ್ತೆ ಮೇಲೆ ಕೂತವರಿಗೆ ಬೈದು ಎಂತ ಮಾಡುದು?" ಮೇಲೆ ಕೂತವರಿಗೂ ಬೈಯಬೇಕಾದ್ದು ಬೇಕಾದಷ್ಟಿದೆ ಎಂದು ಈಗ ಅನ್ನಿಸುತ್ತದೆ. ಆಗ ನಾನು ಕುರ್ಚಿ ಎತ್ತಿಕೊಟ್ಟೆ, ಅವರು ಜೋಡಿಸಿದರು.

ಅಂದು ನಾನು ಅಲ್ಲೇ ಉಳಿದೆ. ಬೆಳಿಗ್ಗೆ ನಾನು ಏಳುವಾಗ ಭಾವ ಆಗಲೇ ಗಿರಣಿಯ ಬೆಂಚಿನ ಮೇಲೆ ಕೂತಿದ್ದರು. ಅತ್ತಿಗೆ ಬಾಗಿಲು ತೆರೆದು, ನೆಲ ಗುಡಿಸಿ, ಹಿಂದಿನ ವಾರ ಯಾರೋ ಬಿಟ್ಟುಹೋಗಿದ್ದ ರಾಗಿಯನ್ನು ಹಾಕಿ ಮೋಟಾರು ಶುರುಮಾಡಿದರು. ಜನ ಬರುವ ಹೊತ್ತು ಆಯಿತು. ಬರಲಿಲ್ಲ. ಇಬ್ಬರು ಹೆಂಗಸರು ಚೀಲ ಹಿಡಿದುಕೊಂಡು ಎದುರಿನ ರಸ್ತೆಯಲ್ಲಿ ಹಾದುಹೋದರು. ಗಿರಣಿಗೆ ಬಂದವರೋ, ಪೇಟೆಗೆ ಹೊರಟವರೋ ಗೊತ್ತಾಗಲಿಲ್ಲ. ಭಾವ ಅವರನ್ನು ತಿರುವಿನವರೆಗೂ ನೋಡಿದರು. ಅತ್ತಿಗೆ ನೋಡಲಿಲ್ಲ. ಅಂದು ಅತ್ತಿಗೆಗೆ ಏನೋ ಹಗುರವಾದಂತೆ ನನ್ನ ಕಣ್ಣಿಗೆ ಕಂಡಿತು. ಹಾಗೆ ಕಂಡದ್ದಕ್ಕೆ ನನಗೇ ಮುಜುಗರವಾಯಿತು.

ಆಮೇಲೆ ಬಂದವರು ಸೈಕಲ್ ಅಂಗಡಿಯವರು. ಕೈಯಲ್ಲಿ ಒಣಮೆಣಸಿನ ಚೀಲ. ಭಾವ ಎದ್ದು ನಿಂತರು. ಅವರು ಭಾವನ ಕಡೆ ನೋಡಲಿಲ್ಲ. ಚೀಲವನ್ನು ತಕ್ಕಡಿಯ ಬಳಿ ಇಟ್ಟು, "ಅಮ್ಮ ಕಳಿಸಿದ್ದು. ಸಣ್ಣ ಪುಡಿ ಬೇಕಂತೆ," ಎಂದರು ಅತ್ತಿಗೆಗೆ. ಹೋಗಲು ತಿರುಗಿದವರು ನಿಂತರು.

"ಅಕ್ಕ, ಅವರಿಗೆ ತುಂಬ ಕಷ್ಟ ಆಯ್ತಾ?"

ಅತ್ತಿಗೆ ಚೀಲದ ಬಾಯಿ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. ನನಗೆ ಆಗ ಹೊಳೆಯಿತು, ಈ ಒಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿಲ್ಲ. ಕೇಳುವುದಕ್ಕೆ ಏನಿತ್ತು? ನಿಂತಲ್ಲೇ ಕುಸಿದು ಸತ್ತ ಮನುಷ್ಯನಿಗೆ ಕಾಯಿಲೆಯಿಲ್ಲ, ಆರೈಕೆಯಿಲ್ಲ, ಕೊನೆಯ ಮಾತಿಲ್ಲ. ಅವನ ಪಕ್ಕ ಕೂತು ಬಿಸಿನೀರು ಕುಡಿಸಿದ ಹೆಂಡತಿಯೂ ಇಲ್ಲ.

"ಮೊದಲು ಅವರಿಗೆ ಮೆಣಸಿನ ಘಾಟು ಗೊತ್ತಾಗದೆ ಹೋಯ್ತು," ಎಂದು ಅತ್ತಿಗೆ ಶುರುಮಾಡಿದರು. "ಇಲ್ಲೇ ನಿಂತು ಪುಡಿ ಮಾಡ್ತಾ ಇದ್ರು. ನಾನು ಆಚೆ ಮನೆಯಲ್ಲಿ ಕೆಮ್ಮುತಾ ಇದ್ದೇನೆ, ಇವರು ಇಲ್ಲಿ ನನಗೆ ಎಂತದೂ ಗೊತ್ತಾಗುದಿಲ್ಲ ಅಂತ ನಗ್ತಾ ಇದ್ದಾರೆ. ಮತ್ತೆ ಆ ಸಂಜೆ..."

ಮುಂದಿನದ್ದು ಕೇಳಲಿಲ್ಲ. ಮೋಟಾರು ಓಡುತ್ತಿತ್ತು, ಕಲ್ಲು ಗರಗರ ತಿರುಗುತ್ತಿತ್ತು. ಅತ್ತಿಗೆಯ ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಸೈಕಲ್ ಅಂಗಡಿಯವರು ಒಂದು ಹೆಜ್ಜೆ ಮುಂದೆ ಬಂದು ಕಿವಿ ಕೊಟ್ಟರು.

ಭಾವ ಗೋಡೆಯ ಬಳಿಗೆ ಹೋಗಿ ಮೋಟಾರು ಬಂದ್ ಮಾಡಿದರು. ರಾಗಿ ಅರ್ಧ ಬೀಸಿತ್ತು. ಗಿರಣಿಯ ಬೆಲ್ಟು ಸುತ್ತಿ ಸುತ್ತಿ ನಿಲ್ಲುವವರೆಗೆ ಅಲ್ಲೇ ನಿಂತು, ಬೆಂಚನ್ನು ಅತ್ತಿಗೆಯ ಬಳಿಗೆ ಎಳೆದು ತಂದರು.

"ಈಗ ಹೇಳಿ ಅತ್ತಿಗೆ," ಎಂದರು. "ಮೊದಲಿಂದ ಹೇಳಿ."